ಹಗುರವಾದ ಬೈಸಿಕಲ್ಲು ಮತ್ತು ದೂರದ ದಾರಿ

ಮನೆಯಿಂದ ಶಾಲೆಗೋ ಪೇಟೆಗೋ ಹೋಗಿಬರುವುದಕ್ಕೆ ಸಾಧಾರಣ ಬೈಸಿಕಲ್ಲು ಸಾಕು. ಆದರೆ ಕಾಸರಗೋಡಿನಿಂದ ಮಂಗಳೂರಿಗೆ, ಅಂದರೆ ಸುಮಾರು 50 ಕಿಲೋಮೀಟರ್ ದೂರ, ಅದರಲ್ಲಿಯೇ ಹೊರಟವನು ಅರ್ಧ ದಾರಿಯಲ್ಲಿ ದಣಿಯುವನು. ದೂರದ ಸವಾರಿಗೆಂದೇ ನಿರ್ಮಿಸಿದ ಹಗುರ ಬೈಸಿಕಲ್ಲುಗಳು ಇಂದು ದೊರೆಯುತ್ತವೆ. ಮಕ್ಕಳು ಅವನ್ನು ಬಯಸುವುದು ಸಹಜ. ಬೆಲೆ ಕೇಳಿದ ತಂದೆತಾಯಿಗಳು ಹಿಂಜರಿಯುವುದೂ ಸಹಜ. ಆ ಹಗುರತನದಿಂದ ಆಗುವ ಪ್ರಯೋಜನವೆಷ್ಟು ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಹೆಚ್ಚುಕಡಿಮೆ ಸಮಾನವಾದ ಎರಡು ಚಕ್ರಗಳೂ ಹಿಂದಿನ ಚಕ್ರಕ್ಕೆ ಸರಪಳಿಯೂ ಇರುವ ಬೈಸಿಕಲ್ಲನ್ನು 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ರೂಪಿಸಿದನು. ಬೆಲ್‌ಫಾಸ್ಟ್ ನಗರದ ಪಶುವೈದ್ಯ ಜಾನ್ ಬಾಯ್ಡ್ ಡನ್ಲಪ್, ಮಗನ ಮೂರು ಚಕ್ರದ ಗಾಡಿಗೆ ತೊಡಿಸಿ ನೋಡಿದ ಗಾಳಿ ತುಂಬಿದ ಟಯರಿಗೆ 1888ರಲ್ಲಿ ಪೇಟೆಂಟ್ ಪಡೆದನು. ಸರಪಳಿಯನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಗೇರಿಗೆ ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಅನುಮತಿ ದೊರೆತುದು 1937ರಲ್ಲಿ.

ಇನ್ನು ತೂಕದ ಮಾತು. ಸಾಧಾರಣ ಉಕ್ಕಿನ ಬೈಸಿಕಲ್ಲು ಸುಮಾರು 20 ಕಿಲೋ ತೂಗಿದರೆ, ಅಲ್ಯೂಮಿನಿಯಂ ಚೌಕಟ್ಟಿನ ಹಗುರ ಬೈಸಿಕಲ್ಲು ಸುಮಾರು 10 ಕಿಲೋ. ಸವಾರನ ತೂಕ 60 ಕಿಲೋ ಎಂದಾದರೆ, ಏರಿನಲ್ಲಿ 80 ಕಿಲೋವಿನ ಬದಲು 70 ಕಿಲೋ ಎತ್ತಿದರಾಯಿತು. ಶ್ರಮದಲ್ಲಿ ಎಂಟನೆಯ ಒಂದು ಪಾಲು ಉಳಿಯಿತು. ಕಾರ್ಬನ್ ಚೌಕಟ್ಟು ಕೊಂಡು ಇನ್ನೆರಡು ಕಿಲೋ ಇಳಿಸಿದರೆ ಉಳಿಯುವುದು ಎಪ್ಪತ್ತರಲ್ಲಿ ಎರಡು ಪಾಲು ಮಾತ್ರ. ಬೆಲೆಯಾದರೋ ಬಹಳ ಏರುವುದು. ಆದುದರಿಂದ ವಿದ್ಯಾರ್ಥಿಗೆ ಅಲ್ಯೂಮಿನಿಯಂ ಧಾರಾಳವಾಗಿ ಸಾಕೆಂದು ನಮ್ಮ ಅಭಿಪ್ರಾಯ.

ಸಮತಟ್ಟಾದ ದಾರಿಯಲ್ಲಿ ತೂಕಕ್ಕಿಂತ ದೊಡ್ಡ ಎದುರಾಳಿ ಗಾಳಿ. ವೇಗವು ಗಂಟೆಗೆ 15 ಕಿಲೋಮೀಟರಿನಿಂದ 30ಕ್ಕೆ ಏರಿದರೆ ಗಾಳಿಯ ತಡೆ ಇಮ್ಮಡಿಯಲ್ಲ, ನಾಲ್ಮಡಿಯಾಗುವುದು. ಇಂತಹ ಬೈಸಿಕಲ್ಲಿನ ಹ್ಯಾಂಡಲ್ ತಗ್ಗಾಗಿ ಬಾಗಿರುವುದು ಅಲಂಕಾರಕ್ಕಲ್ಲ. ಮೈ ಬಾಗಿದರೆ ಗಾಳಿಗೆ ಎದುರಾಗುವ ಮೈಯ ಅಗಲ ಕಡಿಮೆಯಾಗುತ್ತದೆ.

ಗೇರಿನ ಗುಟ್ಟೂ ಸರಳ. ಮುಂದೆ 34, ಹಿಂದೆ 34 ಹಲ್ಲಿದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರವೂ ಒಂದೇ ಸುತ್ತು, ಅಂದರೆ ಸುಮಾರು 2.1 ಮೀಟರ್ ಸಾಗುವುದು. ಮುಂದೆ 50, ಹಿಂದೆ 11 ಆದರೆ ಸುಮಾರು ಒಂಬತ್ತೂವರೆ ಮೀಟರ್. ಮೊದಲನೆಯದು ಏರಿಗೆ, ಎರಡನೆಯದು ಇಳಿಜಾರಿಗೆ. ಕಾಲಿನ ಲಯ ಒಂದೇ ಆಗಿರುವಂತೆ ಗೇರು ಬದಲಿಸುತ್ತ ಹೋಗುವುದೇ ದಣಿಯದಿರುವ ಉಪಾಯ.

ಬೆಲೆ ಕೊಡದೆ ದೊರೆಯುವ ಹಗುರತನವೂ ಉಂಟು. ಟಯರಿನಲ್ಲಿ ತಕ್ಕಷ್ಟು ಗಾಳಿ, ಎಣ್ಣೆ ಹಾಕಿದ ಶುಚಿಯಾದ ಸರಪಳಿ, ಸರಿಯಾದ ಎತ್ತರದ ಸೀಟು: ಇವು ಹಳೆಯ ಬೈಸಿಕಲ್ಲನ್ನೂ ಹಗುರವಾಗಿಸುವುವು. ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ತಳಕ್ಕೆ ತಂದಾಗ ಮೊಣಕಾಲು ನೆಟ್ಟಗಾದರೆ ಸೀಟಿನ ಎತ್ತರ ಸರಿ.

ಮಂಜೇಶ್ವರದಿಂದ ಮಂಗಳೂರಿನ ಕಾಲೇಜಿಗೆ ಹೋಗುವ ತರುಣನಿಗೆ ಸುಮಾರು 20 ಕಿಲೋಮೀಟರ್ ದಾರಿ. ನಿಧಾನವಾಗಿ ಹೋದರೂ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು ಸಾಕು. ಕಾಸರಗೋಡಿನವರಿಗಾದರೆ ನಿತ್ಯ ಹೋಗಿಬರುವುದು ಭಾರವೇ; ರಜಾದಿನದ ಪ್ರಯಾಣಕ್ಕೆ ಅದು ಒಪ್ಪುವುದು. ಮೊಗ್ರಾಲ್, ಶಿರಿಯಾ, ಉಪ್ಪಳ ಹೊಳೆಗಳನ್ನು ದಾಟಿ, ತಲಪಾಡಿಯ ಗಡಿ ಕಳೆದು, ನೇತ್ರಾವತಿಯ ಸೇತುವೆಯನ್ನೇರುವಾಗ ಮನಸ್ಸಿಗಾಗುವ ಹಿಗ್ಗು ಬಸ್ಸಿನ ಕಿಟಕಿಯಿಂದ ದೊರೆಯದು. ಆದರೆ ಹೆದ್ದಾರಿಯಲ್ಲಿ ಲಾರಿಗಳ ಓಟ ಭಯಂಕರ. ತಲೆಗೆ ಹೆಲ್ಮೆಟ್, ಹಿಂದೆ ಕೆಂಪು ದೀಪ, ಇರುವಲ್ಲೆಲ್ಲ ಸರ್ವಿಸ್ ರಸ್ತೆ: ಈ ಮೂರನ್ನು ಬಿಡಕೂಡದು. ಮಳೆಯಲ್ಲಿ ಬ್ರೇಕು ತಡವಾಗಿ ಹಿಡಿಯುವುದನ್ನೂ ನೆನಪಿಡಬೇಕು. ಚಿಕ್ಕ ಮಕ್ಕಳು ಹಿರಿಯರ ಜೊತೆಯಿಲ್ಲದೆ ಹೆದ್ದಾರಿಗೆ ಇಳಿಯಲಾಗದು.

ಬ್ರೆವೆ ಎಂಬ ದೂರ ಸವಾರಿಯಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಅಲ್ಲಿ ಮೊದಲನೆಯವನಿಗೆ ಬಹುಮಾನವಿಲ್ಲ, ಮುಗಿಸಿದವರೆಲ್ಲರೂ ಸಮಾನರು. ವಿದ್ಯಾಭ್ಯಾಸದ ದಾರಿಗೂ ಈ ನಿಯಮ ಒಪ್ಪುವುದೆಂದು ನಾವು ಭಾವಿಸುತ್ತೇವೆ. ಅವಸರಪಟ್ಟವನು ನಡುದಾರಿಯಲ್ಲಿ ಕುಳಿತಾನು. ತನ್ನ ಲಯವನ್ನು ಅರಿತವನು ಊರು ಸೇರುವನು.