ಗೋಡೆ ಕಲಿಸಿದ ಮಂತ್ರಗಳು

1971ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ‘ಚೈನ್‌ಮೇಲ್’ ಎಂಬ ಪುಟ್ಟ ಪುಸ್ತಕ ಹೊರತಂದರು. ಮಧ್ಯಯುಗದ ಸೈನಿಕರ ಗೊಂಬೆಗಳನ್ನು ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿ, ದಾಳ ಉರುಳಿಸಿ ಕದನ ಆಡುವವರಿಗೆ ಬೇಕಾದ ನಿಯಮಗಳು ಅದರಲ್ಲಿದ್ದವು. ಕೊನೆಯ ಭಾಗದಲ್ಲಿ ಡ್ರ್ಯಾಗನ್‌ಗಳಿಗೂ ಮಂತ್ರವಾದಿಗಳಿಗೂ ಒಂದಿಷ್ಟು ಪುಟ ಸಿಕ್ಕಿತ್ತು. ಆ ಮಂತ್ರವಾದಿ ಬೆಂಕಿಯುಂಡೆ ಎಸೆಯುತ್ತಿದ್ದ, ಸಿಡಿಲು ಹೊಡೆಯುತ್ತಿದ್ದ. ಬೆಂಕಿಯುಂಡೆ ಎಷ್ಟು ಜಾಗ ಸುಡುತ್ತದೆ ಎಂದು ಕೇಳಿದರೆ, ದೊಡ್ಡ ಕವಣೆಯಂತ್ರದ ಕಲ್ಲು ಬಿದ್ದಷ್ಟು. ಸಿಡಿಲಿಗೆ ಭಾರೀ ಫಿರಂಗಿಯ ಲೆಕ್ಕ. ಬಯಲಿನಲ್ಲಿ ನಡೆಯುವ ಯುದ್ಧಕ್ಕೆ ಅಷ್ಟು ಮಂತ್ರ ಸಾಕಾಗಿತ್ತು.

ಜಾಗವನ್ನೇ ಮಡಚುವ, ತೂತು ಕೊರೆಯುವ, ಕೊನೆಗೆ ನುಂಗಿಬಿಡುವ ಕರಾಳ ವಿದ್ಯೆ ಈ ಆಟದ ಕೈಗೆ ಸಿಕ್ಕಿದ್ದು ಆಟ ನೆಲದಡಿಗೆ ಇಳಿದ ಮೇಲೆ. ಇಳಿಸಿದವರು ಮಿನೆಸೋಟದ ಡೇವ್ ಆರ್ನೆಸನ್. ಅದೇ 1971ರಲ್ಲಿ ಅವರು ‘ಬ್ಲ್ಯಾಕ್‌ಮೂರ್’ ಎಂಬ ಕೋಟೆಯನ್ನು ಕಲ್ಪಿಸಿ, ಅದರ ಕೆಳಗೆ ಸುರಂಗಗಳ ಮೇಲೆ ಸುರಂಗ ಬರೆದಿಟ್ಟುಕೊಂಡು, ಗೆಳೆಯರನ್ನು ಒಳಗೆ ಕಳಿಸಿದರು. ಒಬ್ಬೊಬ್ಬ ಆಟಗಾರನಿಗೂ ಒಂದೊಂದೇ ಪಾತ್ರ. ಎದುರಿಗೆ ಸೇನೆಯಿಲ್ಲ, ಕತ್ತಲೆ, ಕವಲು ದಾರಿ, ಮುಚ್ಚಿದ ಬಾಗಿಲು, ಕಲ್ಲಿನ ಗೋಡೆ. 1972ರಲ್ಲಿ ಆರ್ನೆಸನ್ ವಿಸ್ಕಾನ್ಸಿನ್‌ನ ಲೇಕ್ ಜಿನೀವಾ ಊರಿಗೆ ಹೋಗಿ ಗೈಗ್ಯಾಕ್ಸ್‌ಗೆ ಇದನ್ನು ಆಡಿ ತೋರಿಸಿದರು. ಗೈಗ್ಯಾಕ್ಸ್ ಮರುಳಾದರು. 1974ರ ಆರಂಭದಲ್ಲಿ ಮೂರು ಕಿರುಪುಸ್ತಕಗಳ ಒಂದು ಪೆಟ್ಟಿಗೆ ಮಾರಾಟಕ್ಕೆ ಬಂತು: ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಬೆಲೆ 10 ಡಾಲರ್, ಮೊದಲ ಮುದ್ರಣ 1,000 ಪ್ರತಿ.

ಆ ಪುಸ್ತಕಗಳಲ್ಲಿ ಬೆಂಕಿಯುಂಡೆ ಹಾಗೇ ಉಳಿಯಿತು. ಜೊತೆಗೆ ಚೈನ್‌ಮೇಲ್‌ನ ಮಂತ್ರವಾದಿಗೆ ಎಂದೂ ಬೇಕಾಗದಿದ್ದ ಒಂದು ಗುಂಪು ಬಂದು ಕೂತಿತು. ‘ಪಾಸ್‌ವಾಲ್’ ಹೇಳಿದರೆ ಕಲ್ಲುಗೋಡೆಯಲ್ಲಿ ಆಳೊಬ್ಬ ನುಸುಳುವಷ್ಟು ಅಗಲದ, 10 ಅಡಿ ಉದ್ದದ ದಾರಿ ತೆರೆಯುತ್ತದೆ. ‘ಡೈಮೆನ್ಷನ್ ಡೋರ್’ ಮೇಲೆ, ಕೆಳಗೆ, ಯಾವ ದಿಕ್ಕಿಗಾದರೂ ಗುರಿ ತಪ್ಪದೆ ದಾಟಿಸುತ್ತದೆ, ಆದರೆ ಅದಕ್ಕೊಂದು ಮಿತಿಯಿದೆ. ‘ಟೆಲಿಪೋರ್ಟ್’ಗೆ ದೂರದ ಹಂಗೇ ಇಲ್ಲ. ಬಯಲಲ್ಲಿ ನಿಂತವನಿಗೆ ಇವು ಯಾಕೆ ಬೇಕು? ಸುತ್ತ ನಾಲ್ಕು ಗೋಡೆ, ಹಿಂದೆ ರಾಕ್ಷಸ ಇದ್ದವನಿಗೆ ಇವನ್ನು ಬಿಟ್ಟರೆ ಬೇರೇನು ಬೇಕು? ಈ ವಿದ್ಯೆಯ ಮೂಲಗುರು ಆ ಗೋಡೆಯೇ ಎಂದು ನಾನು ನಂಬಿದ್ದೇನೆ.

ಟೆಲಿಪೋರ್ಟ್‌ನ ನಿಯಮ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಹೋಗುವ ಜಾಗ ಚೆನ್ನಾಗಿ ಗೊತ್ತಿರಬೇಕು. ಗೊತ್ತಿಲ್ಲದೆ ಹಾರಿದರೆ ನೂರಕ್ಕೆ 75 ಪಾಲು ಸಾವು. ಅರೆಬರೆ ಗೊತ್ತಿದ್ದರೆ ದಾಳ ಉರುಳಿಸಬೇಕು: ಲೆಕ್ಕ ತುಸು ಮೇಲಾದರೆ ಗಾಳಿಯಲ್ಲಿ ಪ್ರತ್ಯಕ್ಷನಾಗಿ 10ರಿಂದ 100 ಅಡಿ ಕೆಳಗೆ ಬೀಳುತ್ತೀರಿ, ತುಸು ಕೆಳಗಾದರೆ ಕಲ್ಲಿನೊಳಗೇ ಮೂಡಿ ಅಲ್ಲೇ ಮುಗಿಯುತ್ತೀರಿ. ತಪ್ಪಿಸಿಕೊಂಡು ಬಂದ ಗೋಡೆ ಇನ್ನೊಂದು ಕಡೆಯಿಂದ ಸೇಡು ತೀರಿಸಿಕೊಂಡ ಹಾಗೆ. ಇಂಥ ಮಂತ್ರಗಳನ್ನು ಬೇಕೆಂದಾಗಲೆಲ್ಲ ಹೇಳುವ ಹಾಗೂ ಇರಲಿಲ್ಲ. ಜ್ಯಾಕ್ ವ್ಯಾನ್ಸ್ 1950ರಲ್ಲಿ ಪ್ರಕಟಿಸಿದ ‘ದಿ ಡೈಯಿಂಗ್ ಅರ್ಥ್’ ಕತೆಗಳಲ್ಲಿ ಮಂತ್ರವಾದಿ ಮಂತ್ರವನ್ನು ಬಾಯಿಪಾಠ ಮಾಡಿಟ್ಟುಕೊಳ್ಳುತ್ತಾನೆ. ಒಮ್ಮೆ ಉಚ್ಚರಿಸಿದೊಡನೆ ಅದು ನೆನಪಿನಿಂದ ಅಳಿಸಿಹೋಗುತ್ತದೆ. ಗೈಗ್ಯಾಕ್ಸ್ ಇದನ್ನು ಹಾಗೇ ತೆಗೆದುಕೊಂಡರು, ವ್ಯಾನ್ಸ್‌ರ ಋಣವನ್ನು ಬಹಿರಂಗವಾಗಿ ಒಪ್ಪಿಕೊಂಡರು. ಹಾಗಾಗಿ ಸುರಂಗಕ್ಕೆ ಇಳಿಯುವ ಮುನ್ನವೇ ತೀರ್ಮಾನಿಸಬೇಕಿತ್ತು: ಬೆಂಕಿಯೋ, ಬಾಗಿಲೋ.

ಗೋಡೆಯ ನಂತರದ ಗುರು ಭಾರ. ಈ ಆಟದಲ್ಲಿ ಹೊರೆಯನ್ನು ಅಳೆಯುತ್ತಿದ್ದದ್ದು ಚಿನ್ನದ ನಾಣ್ಯಗಳ ತೂಕದಲ್ಲಿ. ಪಾತ್ರ ಬಲಿಯುತ್ತಿದ್ದದ್ದೂ ಬಹುಪಾಲು ಹೊರತಂದ ಚಿನ್ನದ ಲೆಕ್ಕದಲ್ಲೇ. ನಿಮ್ಮನ್ನು ಮೇಲೆತ್ತುವ ವಸ್ತುವೇ ಓಡುವಾಗ ಕಾಲಿಗೆ ಕಟ್ಟಿದ ಗುಂಡುಕಲ್ಲು. ಅದಕ್ಕೆ 1974ರ ಪುಸ್ತಕದಲ್ಲೇ ‘ಬ್ಯಾಗ್ ಆಫ್ ಹೋಲ್ಡಿಂಗ್’ ಎಂಬ ಮಾಯಾಚೀಲವಿತ್ತು. 10,000 ನಾಣ್ಯ ತುಂಬಿದರೂ ಹೆಗಲಿಗೆ 300 ನಾಣ್ಯದ ಭಾರವಷ್ಟೇ. ನಮ್ಮ ಅಕ್ಷಯಪಾತ್ರೆಯಿಂದ ಎಷ್ಟು ತೆಗೆದರೂ ಮುಗಿಯುವುದಿಲ್ಲ; ಈ ಚೀಲ ಎಷ್ಟೋ ನುಂಗಿದರೂ ಉಬ್ಬುವುದಿಲ್ಲ. ಹೊರಗಿನಿಂದ ಕಾಣುವುದಕ್ಕಿಂತ ಒಳಗು ದೊಡ್ಡದು ಎಂಬ ಕಲ್ಪನೆ ಆಟಗಾರರ ಕೈಗೆ ಬಂದದ್ದು ಸಾಮಾನು ಹೊರುವ ಉಪಾಯವಾಗಿ.

1975ರ ಬೇಸಿಗೆಯಲ್ಲಿ ಬಾಲ್ಟಿಮೋರ್‌ನಲ್ಲಿ ನಡೆದ ‘ಆರಿಜಿನ್ಸ್’ ಸಮ್ಮೇಳನಕ್ಕೆ ಗೈಗ್ಯಾಕ್ಸ್ ಒಂದು ಸಮಾಧಿಯನ್ನು ತಂದರು. ‘ಟೂಂಬ್ ಆಫ್ ಹಾರರ್ಸ್’. ಪಳಗಿದ ಆಟಗಾರರ ಸೊಕ್ಕು ಮುರಿಯಲೆಂದೇ ಕಟ್ಟಿದ್ದು. ಅದರ ಒಂದು ಹಾದಿಯ ಕೊನೆಗೆ ಹಸಿರು ಕಲ್ಲಿನ ದೆವ್ವದ ಮುಖ. ಅಗಲವಾಗಿ ತೆರೆದ ಬಾಯಿ, ಬಾಯೊಳಗೆ ಕಡುಗಪ್ಪು. ಇಷ್ಟು ಕಾಲ ತೂತು ಎಂದರೆ ದಾರಿ ಎಂದೇ ಕಲಿತವರು ಅದರೊಳಗೂ ಹೊಕ್ಕರು. ಒಳಗಿದ್ದದ್ದು ‘ಸ್ಫಿಯರ್ ಆಫ್ ಅನೈಹಿಲೇಶನ್’, ಸರ್ವನಾಶದ ಗೋಳ. ಹೊಕ್ಕವರು ಎಲ್ಲಿಗೂ ತಲುಪಲಿಲ್ಲ. ಹೆಣವಿಲ್ಲ, ಬೂದಿಯಿಲ್ಲ, ಬದುಕಿಸಿ ತರಲು ಏನೂ ಉಳಿಯಲಿಲ್ಲ.

1979ರ ‘ಡಂಜನ್ ಮಾಸ್ಟರ್ಸ್ ಗೈಡ್’ ಈ ಗೋಳವನ್ನು ವಿವರವಾಗಿ ಬಣ್ಣಿಸಿತು: 2 ಅಡಿ ಅಡ್ಡಗಲದ ಕಪ್ಪು, ವಿಶ್ವದ ಹೆಣಿಗೆಯಲ್ಲೇ ಬಿದ್ದ ತೂತು. ಶರಣರ ಬಯಲಿನಲ್ಲಿ ಒಂದು ತುಂಬುತನವಿದೆ. ಇಲ್ಲಿರುವುದು ಬರೀ ಇಲ್ಲದಿರುವಿಕೆ. ಮನಸ್ಸನ್ನು ಒಂದೇ ಕಡೆ ನಿಲ್ಲಿಸಿ ಇದನ್ನು ಸರಿಸಬಹುದು. ಹಿಡಿತ ತಪ್ಪಿತೋ, ಅದು ಸರಿಸಲು ಹೋದವನ ಕಡೆಗೇ ತೇಲಿ ಬರುತ್ತದೆ. ಇಡೀ ಆಟದಲ್ಲಿ ಇದಕ್ಕಿಂತ ಕರಾಳವಾದ ಶಕ್ತಿಯನ್ನು ನಾನು ಕಾಣೆ.

ಅದೇ ಪುಸ್ತಕದಲ್ಲಿ ‘ಪೋರ್ಟಬಲ್ ಹೋಲ್’ ಕೂಡ ಇದೆ. ಜೇಡರ ಬಲೆ ಮತ್ತು ಆಚೆ ಲೋಕಗಳ ಬೆಳಕನ್ನು ಸೇರಿಸಿ ನೇಯ್ದ 6 ಅಡಿಯ ದುಂಡು ಬಟ್ಟೆ. ನೆಲಕ್ಕೆ ಹಾಸಿದರೆ 10 ಅಡಿ ಆಳದ ಗುಂಡಿ, ಮಡಚಿದರೆ ಕರವಸ್ತ್ರದಂತೆ ಜೇಬಿಗೆ. ಮಾಯಾಚೀಲವೂ ಈ ಗುಂಡಿಯೂ ಒಂದೇ ತಂಡದ ಬಳಿ ಇದ್ದರೆ ಯಾರಿಗಾದರೂ ಒಂದು ಆಸೆ ಹುಟ್ಟಿಯೇ ಹುಟ್ಟುತ್ತದೆ: ಒಂದನ್ನು ಇನ್ನೊಂದರಲ್ಲಿ ಇಟ್ಟರೆ ಹೊರೆ ಇನ್ನೂ ಹಗುರವಾಗುತ್ತದಲ್ಲ! ಗೈಗ್ಯಾಕ್ಸ್ ಅದಕ್ಕೂ ನಿಯಮ ಬರೆದಿದ್ದರು. ಚೀಲವನ್ನು ಗುಂಡಿಗೆ ಹಾಕಿದರೆ ಆ ಜಾಗವೇ ಹರಿಯುತ್ತದೆ; ಎರಡೂ ಶೂನ್ಯಕ್ಕೆ ಜಾರಿ ಶಾಶ್ವತವಾಗಿ ಕಳೆದುಹೋಗುತ್ತವೆ. ಗುಂಡಿಯನ್ನು ಚೀಲಕ್ಕೆ ತುರುಕಿದರೆ ‘ಆಸ್ಟ್ರಲ್’ ಎಂಬ ಆಚೆ ಲೋಕದ ಬಾಗಿಲು ತೆರೆದು, 10 ಅಡಿಯೊಳಗೆ ನಿಂತವರೆಲ್ಲರನ್ನೂ ಸೆಳೆದುಕೊಳ್ಳುತ್ತದೆ. ಅದಕ್ಕೇ, ಆಟಗಾರ ‘ಎರಡನ್ನೂ ಸೇರಿಸಿ ಇಟ್ಟೆ’ ಎಂದಾಗ, ಆಟ ನಡೆಸುವ, ನಿಯಮ ಬಲ್ಲ ಡಂಜನ್ ಮಾಸ್ಟರ್ ದಾಳವನ್ನು ಕೆಳಗಿಟ್ಟು ಕೇಳುವುದು ಒಂದೇ: ಯಾವುದರೊಳಗೆ ಯಾವುದನ್ನು ಇಟ್ಟೆ?