ನಿಮಗಿದು ಗೊತ್ತೇ? ಉಸಿರಿನೊಂದಿಗೆ ಓಡಾಡುವ ಗಡ್ಡೆ

● ನಮ್ಮ ಲಿವರ್ ಒಂದು ಕಡೆ ಕೂರುವ ಜಾತಿಯಲ್ಲ. ಉಸಿರೆಳೆದಾಗ ಎದೆ-ಹೊಟ್ಟೆಯ ನಡುವಿನ ಪರದೆಯಾದ ವಪೆ ಕೆಳಗಿಳಿಯುತ್ತದೆ. ಅದರಡಿಯ ಲಿವರ್, ಮೇದೋಜೀರಕ ಗ್ರಂಥಿ, ಮೂತ್ರಪಿಂಡಗಳೂ ಕಾಲಿನ ಕಡೆಗೆ ಜಾರುತ್ತವೆ. ಲಿವರ್ ಸಾಮಾನ್ಯವಾಗಿ 1ರಿಂದ 2 ಸೆಂ.ಮೀ. ಸರಿಯುತ್ತದೆ. ಹರಿಹರದಲ್ಲಿ ಬಸ್ ಹತ್ತಿ ಅರ್ಧ ಗಂಟೆಯಲ್ಲಿ ದಾವಣಗೆರೆಯಲ್ಲಿ ಇಳಿಯುವಷ್ಟರಲ್ಲಿ ಅದು ಕಡಿಮೆಯೆಂದರೂ 350 ಸಲ ಇಳಿದು ಹತ್ತಿರುತ್ತದೆ!

● ಜನ ‘ಕರೆಂಟ್ ಕೊಡೋದು’ ಎನ್ನುವ ವಿಕಿರಣ ಚಿಕಿತ್ಸೆಗೆ ಇದೇ ತಲೆನೋವು. ಯಂತ್ರ ಮಿಲಿಮೀಟರ್ ಲೆಕ್ಕದಲ್ಲಿ ಗುರಿಯಿಡಬಲ್ಲದು, ಲಿವರಿನೊಂದಿಗೇ ಓಡಾಡುವ ಕ್ಯಾನ್ಸರ್ ಗಡ್ಡೆ ನಿಲ್ಲಬೇಕಲ್ಲ! ಅದು ಓಡಾಡುವ ದಾರಿಗೆಲ್ಲ ಕಿರಣ ಹಾಯಿಸಿದರೆ ಪಕ್ಕದ ಜಠರಕ್ಕೂ ಸಣ್ಣಕರುಳಿಗೂ ಪೆಟ್ಟು.

● ಗಡ್ಡೆ 5 ಮಿ.ಮೀ.ಗಿಂತ ಹೆಚ್ಚು ಅಲುಗಿದರೆ ಏನಾದರೂ ಉಪಾಯ ಮಾಡಿ ಎಂದು ಅಮೆರಿಕದ ವೈದ್ಯಕೀಯ ಭೌತವಿಜ್ಞಾನಿಗಳ ಸಂಘ 2006ರಲ್ಲೇ ಹೇಳಿದೆ.

● ಅಲುಗಾಟ ಅಳೆಯಲು ‘4ಡಿ ಸಿ.ಟಿ.’ ಸ್ಕ್ಯಾನ್ ಇದೆ. ಒಂದು ಉಸಿರನ್ನು ಸಾಮಾನ್ಯವಾಗಿ 10 ಹಂತಗಳಾಗಿ ಬಿಡಿಸಿ, ಯಾವ ಹಂತದಲ್ಲಿ ಗಡ್ಡೆ ಎಲ್ಲಿತ್ತೆಂದು ತೋರಿಸುತ್ತದೆ.

● ಉಪಾಯಗಳು ಹಲವು. ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯಲ್ಲಿ 1990ರ ದಶಕದಲ್ಲಿ ಬ್ಲೊಮ್‌ಗ್ರೆನ್ ಮತ್ತು ಲಾಕ್ಸ್ ಹೊಟ್ಟೆಯನ್ನು ಹಲಗೆಯಿಂದ ಒತ್ತಿ ಹಿಡಿದರು. ಉಸಿರು ಮೇಲುಮೇಲಿನದಾಗಿ ಓಡಾಟ ತಗ್ಗಿತು. ಗಡ್ಡೆ ಗುರಿಗೆ ಬಂದಾಗ ಮಾತ್ರ ಕಿರಣ ಬಿಡುವುದು ಇನ್ನೊಂದು ದಾರಿ. ಮೂರನೆಯದು, ಕಿರಣ ಬೀಳುವಾಗ ರೋಗಿಯೇ 15–20 ಸೆಕೆಂಡ್ ಉಸಿರು ಬಿಗಿಹಿಡಿಯುವುದು. ಪ್ರಾಣಾಯಾಮ ಬಲ್ಲವರು ಬೀಗಬೇಡಿ. ಎಷ್ಟು ಹೊತ್ತು ಹಿಡಿದಿರಿ ಎನ್ನುವುದಕ್ಕಿಂತ ಪ್ರತಿ ಸಲವೂ ಉಸಿರಿನ ಅದೇ ಹಂತದಲ್ಲಿ ಹಿಡಿದಿರಾ ಎನ್ನುವುದೇ ಇಲ್ಲಿ ಮುಖ್ಯ. ಲಿವರ್ ವಿಷಯದಲ್ಲಿ ಅನೇಕ ವೈದ್ಯರು ಉಸಿರು ಬಿಟ್ಟ ಸ್ಥಿತಿಯನ್ನೇ ಆರಿಸುತ್ತಾರೆ. ಆಗ ಅದು ಹೆಚ್ಚುಕಡಿಮೆ ಅದೇ ಜಾಗಕ್ಕೆ ಮರಳುತ್ತದೆ. ಮುಂಚಿತವಾಗಿ ರೋಗಿಗೆ ಅಭ್ಯಾಸ ಮಾಡಿಸಬೇಕು. ಎಷ್ಟೇ ದುಬಾರಿ ಯಂತ್ರವಾದರೂ ಇದು ತಪ್ಪಿದ್ದಲ್ಲ.

● ಲಿವರಿನೊಳಗೆ ಚಿನ್ನ! ಗಡ್ಡೆಯ ಬಳಿ ಅಕ್ಕಿಕಾಳಿಗಿಂತ ಚಿಕ್ಕ ಚಿನ್ನದ ತುಣುಕುಗಳನ್ನು ಸೂಜಿಯಿಂದ ಇಡುತ್ತಾರೆ. ಎಕ್ಸ್‌ರೇಯಲ್ಲಿ ಅವು ಎದ್ದು ಕಾಣುವುದರಿಂದ ಗಡ್ಡೆಯ ಜಾಡು ಸಿಗುತ್ತದೆ. ಆಮೇಲೆ ಹೊರತೆಗೆಯುವುದಿಲ್ಲ.

● ಹೊಟ್ಟೆ ತುಂಬಿದ್ದರೂ ಗಡ್ಡೆ ಜಾಗ ಬದಲಿಸೀತು. ಹಾಗಾಗಿ ಅನೇಕ ಕಡೆ ಚಿಕಿತ್ಸೆಗೆ 2–3 ಗಂಟೆ ಮೊದಲೇ ಊಟ-ತಿಂಡಿ ಬಂದ್. ದಾವಣಗೆರೆಯವರೇ, ಬೆಣ್ಣೆದೋಸೆ ಆಮೇಲೆ, ಅದೂ ವೈದ್ಯರು ಹೂಂ ಅಂದರೆ.

● ಓಡಾಟ ಹತೋಟಿಗೆ ಬಂದರೆ ಪ್ರತಿ ಸಲದ ಕಿರಣದ ಪ್ರಮಾಣ ಏರಿಸಬಹುದು. ವಾರಗಟ್ಟಲೆ ನಡೆಯುವ ಚಿಕಿತ್ಸೆ ಕೆಲವು ಲಿವರ್ ಗಡ್ಡೆಗಳಿಗೆ 3ರಿಂದ 5 ಸಲಕ್ಕೇ ಮುಗಿಯುತ್ತದೆ. 1973ರಿಂದ ಬೆಂಗಳೂರಿನಲ್ಲಿರುವ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ದಾವಣಗೆರೆಗೆ ಸುಮಾರು 260 ಕಿ.ಮೀ. ದೂರ. ಅಷ್ಟು ದೂರ ಹೋಗುವವರಿಗೆ ಲಾಡ್ಜ್ ಬಾಡಿಗೆ, ಜೊತೆಗೆ ಬಂದವರ ಕೂಲಿ, ಎಲ್ಲವೂ ಉಳಿತಾಯ. ಎಲ್ಲ ಗಡ್ಡೆಗೂ ಇದು ಹೊಂದುವುದಿಲ್ಲ. ನಿಮ್ಮದಕ್ಕೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ.