ಬಳಸಿದ ಸೂಜಿ ಎಲ್ಲಿಗೆ ಹೋಗುತ್ತದೆ?

ಆಸ್ಪತ್ರೆಯಲ್ಲಿ ಸೂಜಿಮದ್ದು ತೆಗೆದುಕೊಂಡ ಬಳಿಕ ಆ ಸೂಜಿಯ ಗತಿ ಏನಾಯಿತೆಂದು ವಿಚಾರಿಸುವವರು ನಮ್ಮಲ್ಲಿ ವಿರಳ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಹೆಪಟೈಟಿಸ್ ಬಿ ಎಂಬ ಯಕೃತ್ತಿನ ರೋಗ ಹರಡಿ ಹಲವರು ಮೃತರಾದರು. ಬಳಸಿದ ಸಿರಿಂಜುಗಳನ್ನೇ ಮರಳಿ ಬಳಸಿದ್ದು ಅದಕ್ಕೆ ಕಾರಣವಾಗಿತ್ತು. ಶರೀರದ ಹೊರಗೂ ಆ ವೈರಾಣು ಕನಿಷ್ಠ 7 ದಿನ ಉಳಿಯಬಲ್ಲದು.

ನಮ್ಮ ದೇಶದಲ್ಲಿ ಆಸ್ಪತ್ರೆಯ ತ್ಯಾಜ್ಯವನ್ನು ಕುರಿತ ನಿಯಮಗಳು 1998ರಲ್ಲಿ ಬಂದವು; 2016ರಲ್ಲಿ ಹೊಸ ನಿಯಮಗಳು ಜಾರಿಯಾದವು. ಅವುಗಳಂತೆ ರಕ್ತಸಿಕ್ತ ಹತ್ತಿ, ಗಾಯದ ಪಟ್ಟಿಗಳು ಹಳದಿ ಚೀಲಕ್ಕೆ. ಕೊಳವೆ, ಕೈಗವಸುಗಳು ಕೆಂಪು ಚೀಲಕ್ಕೆ. ಸೂಜಿ, ಬ್ಲೇಡುಗಳು ತೂತಾಗದಂಥ ಬಿಳಿಯ ಡಬ್ಬಿಗೆ. ಗಾಜು ನೀಲಿ ಗುರುತಿನ ಪೆಟ್ಟಿಗೆಗೆ. ಪ್ರಯೋಗಾಲಯದ ರಕ್ತದ ಮಾದರಿಗಳನ್ನಂತೂ ಆಸ್ಪತ್ರೆಯಲ್ಲಿಯೇ ಸೋಂಕುರಹಿತಗೊಳಿಸಿ ಹೊರಗೆ ಕಳುಹಿಸತಕ್ಕದ್ದು. ಆಟೋಕ್ಲೇವ್ ಯಂತ್ರವು 121 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒತ್ತಡದ ಹಬೆಯಿಂದ ಈ ಕಾರ್ಯ ಮಾಡುತ್ತದೆ. ಗೃಹಿಣಿಯರು ಬಲ್ಲ ಪ್ರೆಶರ್ ಕುಕ್ಕರಿನ ತತ್ತ್ವವೇ ಇದು.

ಆದರೆ ತ್ಯಾಜ್ಯವು ಹುಟ್ಟಿದ ಹಾಸಿಗೆಯ ಬಳಿಯಲ್ಲಿಯೇ ಬೇರ್ಪಡದಿದ್ದರೆ ಯಾವ ಯಂತ್ರವೂ ನಿಷ್ಫಲ. ರೋಗಿಯನ್ನು ಕಾಣಹೋದವರು ಕಿತ್ತಳೆಯ ಸಿಪ್ಪೆಯನ್ನು ಅದೇ ಚೀಲಕ್ಕೆ ಎಸೆಯುವುದನ್ನು ನಾವು ಕಂಡಿದ್ದೇವೆ! ಹಳದಿ ಚೀಲದೊಳಗೆ ಸೇರಿದ ಸೂಜಿಯು ಚುಚ್ಚುವುದು ವೈದ್ಯರನ್ನಲ್ಲ, ಆ ಚೀಲವನ್ನೆತ್ತುವ ಬಡ ಹೆಣ್ಣುಮಗಳನ್ನು. ಇಂಥವರಿಗೆ ಹೆಪಟೈಟಿಸ್ ಬಿ ಹಾಗೂ ಧನುರ್ವಾಯುವಿನ ಲಸಿಕೆ ಹಾಕಿಸಬೇಕೆಂದು 2016ರ ನಿಯಮವೇ ವಿಧಿಸಿದೆ. ದವಾಖಾನೆ ನಡೆಸುವ ನಮ್ಮ ಸಂಸ್ಥೆಗಳು ಮೊದಲು ಇದನ್ನು ಪರೀಕ್ಷಿಸಿಕೊಳ್ಳಲಿ.

ಮನೆಯಲ್ಲಿ ಇನ್ಸುಲಿನ್ ಚುಚ್ಚಿಕೊಳ್ಳುವ ಹಿರಿಯರಿದ್ದರೆ, ಸೂಜಿಗಳನ್ನು ಕಸದ ಬುಟ್ಟಿಗೆ ಹಾಕದೆ, ಬಿಗಿಮುಚ್ಚಳದ ದಪ್ಪ ಡಬ್ಬಿಯಲ್ಲಿ ಕೂಡಿಟ್ಟು ಪ್ರತ್ಯೇಕವಾಗಿ ಒಪ್ಪಿಸಬೇಕು.